ಗುರುವಿನ ಸಾಲು, ಶಿಷ್ಯನ ಸೊಲ್ಲು: ಮಂಡ್ಯ ಸೀಮೆಯಿಂದ ಕಂಡ ನಿರ್ದೇಶಕ ಪರಂಪರೆ

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವು ಮಂಟೇಸ್ವಾಮಿ ಪರಂಪರೆಯ ಮುಖ್ಯ ಕ್ಷೇತ್ರಗಳಲ್ಲೊಂದು. ಈ ಪರಂಪರೆಯ ಕಾವ್ಯವನ್ನು ಹಾಡುವ ನೀಲಗಾರರಲ್ಲಿ ಕಾವ್ಯದ ಒಂದೊಂದು ಭಾಗವನ್ನೂ ‘ಸಾಲು’ ಎನ್ನುತ್ತಾರೆ. ಹೊಸಬನು ಮೊದಲು ಹಿಮ್ಮೇಳದಲ್ಲಿ ಕುಳಿತು ಗುರುವಿನ ಸೊಲ್ಲಿಗೆ ದನಿಗೂಡಿಸುತ್ತಾನೆ. ಪಳಗಿದ ಮೇಲೆ ಅದೇ ಸಾಲನ್ನು ತಾನೇ ಮುಂದಾಗಿ ಹಾಡುತ್ತಾನೆ. ಕಥೆ ಗುರುವಿನದು; ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬ ವಿವೇಕ ಶಿಷ್ಯನದು. ಹಿರಿಯ ಚಲನಚಿತ್ರ ನಿರ್ದೇಶಕರು ಕಿರಿಯರ ಮೇಲೆ ಬೀರಿದ ಪ್ರಭಾವವನ್ನು ವಿವೇಚಿಸಲು ಈ ಮೌಖಿಕ ಮಾದರಿ ಉಪಯುಕ್ತವಾಗಿದೆ. ಅನುಕರಣೆ ಬೇರೆ, ಕಲಿಕೆ ಬೇರೆ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ಪುಟ್ಟಣ್ಣ ಕಣಗಾಲ್ ಅವರು ಬಿ.ಆರ್. ಪಂತುಲು ಅವರ ಸಹಾಯಕರಾಗಿ ಪಳಗಿದವರು. ಪಂತುಲು 1958ರಲ್ಲಿ ಕನ್ನಡದಲ್ಲಿ ತೆಗೆದ ‘ಸ್ಕೂಲ್ ಮಾಸ್ಟರ್’ ಕಥೆಯನ್ನೇ ಪುಟ್ಟಣ್ಣ 1964ರಲ್ಲಿ ಮಲಯಾಳದಲ್ಲಿ ನಿರ್ದೇಶಿಸಿದರು. ಅದೇ ಅವರ ಮೊದಲ ನಿರ್ದೇಶನ. ಶಿಷ್ಯನು ಮೊದಲು ಗುರುವಿನ ಸಾಲನ್ನೇ ಹಾಡಿದಂತಾಯಿತು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಬೆಳ್ಳಿಮೋಡ’ (1967), ‘ಶರಪಂಜರ’ (1971) ಚಿತ್ರಗಳಲ್ಲಿ ಅವರು ಹೆಣ್ಣಿನ ಅಂತರಂಗದತ್ತ ತಿರುಗಿ ತಮ್ಮದೇ ಸೊಲ್ಲನ್ನು ಕಂಡುಕೊಂಡರು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಅವರನ್ನು ‘ನಾಗರಹಾವು’ (1972) ಚಿತ್ರದ ಜಲೀಲನನ್ನಾಗಿ ಪರಿಚಯಿಸಿದವರೂ ಅವರೇ. ಆ ಪುಂಡ ಪಾತ್ರದಲ್ಲೇ ನಟನನ್ನು ಕಟ್ಟಿಹಾಕದೆ ‘ಪಡುವಾರಳ್ಳಿ ಪಾಂಡವರು’ (1978), ‘ರಂಗನಾಯಕಿ’ (1981) ಚಿತ್ರಗಳಲ್ಲಿ ಬೇರೆ ಬೇರೆ ಪಾತ್ರಗಳಿಗೆ ಒಗ್ಗಿಸಿದರು. ಪುಟ್ಟಣ್ಣ 1985ರಲ್ಲಿ ನಿಧನರಾದಾಗ ಉಳಿದಿದ್ದ ‘ಮಸಣದ ಹೂವು’ ಚಿತ್ರವನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು. ಒಬ್ಬ ಗಾಯಕ ನಿಲ್ಲಿಸಿದ ಸಾಲನ್ನು ಮತ್ತೊಬ್ಬನು ಎತ್ತಿಕೊಳ್ಳುವ ಕ್ರಮಕ್ಕೆ ಇದು ಸಮೀಪವಾದುದು.

ಮಂಡ್ಯ ಜಿಲ್ಲೆಯ ನೆಲದಲ್ಲೇ ಈ ಪ್ರಶ್ನೆ ಮತ್ತೆ ಎದುರಾದುದು ರಾಮ್ ರೆಡ್ಡಿ ಅವರ ‘ತಿಥಿ’ (2015) ಚಿತ್ರದಿಂದ. ಶತಾಯುಷಿ ಸೆಂಚುರಿ ಗೌಡನ ಸಾವಿನಿಂದ ಹನ್ನೊಂದನೆಯ ದಿನದ ತಿಥಿಯವರೆಗಿನ ಈ ಕಥೆ, ನೊದೆಕೊಪ್ಪಲಿನ ಪರಿಸರದಲ್ಲಿ, ಅಭಿನಯ ಕಲಿಯದ ಊರ ಜನರಿಂದ, ಅವರದೇ ಮಾತಿನಲ್ಲಿ ರೂಪುಗೊಂಡಿತು. ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿಯನ್ನೂ ಪಡೆಯಿತು. ಆ ಊರನ್ನು ಬಲ್ಲ ಈರೇಗೌಡರು ಚಿತ್ರದ ಬರಹಗಾರರಾಗಿದ್ದರು. ಇಲ್ಲಿ ನಿರ್ದೇಶಕನೇ ಊರಿಗೆ ಶಿಷ್ಯನಾಗಿದ್ದುದು ಗಮನಾರ್ಹ.

‘ತಿಥಿ’ಯ ಪ್ರಭಾವ ಎರಡು ಕವಲಾಯಿತು. ‘ತರ್ಲೆ ವಿಲೇಜ್’ (2016) ಚಿತ್ರವು ಅದೇ ನಟರನ್ನು ಮತ್ತೆ ತೆರೆಗೆ ತಂದಿತು. ಈರೇಗೌಡರು ನಿರ್ದೇಶಿಸಿದ ‘ಬಳೆಕೆಂಪ’ ಹಾಸ್ಯದ ಜಾಡನ್ನು ಬಿಟ್ಟು, ಬಳೆಗಾರನೊಬ್ಬನ ಮಕ್ಕಳಿಲ್ಲದ ದಾಂಪತ್ಯದ ಮೌನವನ್ನು ಹಿಡಿಯಿತು. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಗಳಿಸಿತು. ಜನಪದ ಗೀತೆಗಳಲ್ಲಿ ಬಳೆಗಾರನು ತವರಿನ ಸುದ್ದಿ ಹೊತ್ತು ತರುವವನು; ಇಲ್ಲಿ ಅವನ ಮನೆಯ ಸುದ್ದಿಯೇ ಹೇಳಲಾಗದ್ದಾಗಿದೆ. ಮೊದಲನೆಯದು ಮುಖಗಳನ್ನು ಪಡೆದರೆ, ಎರಡನೆಯದು ಊರನ್ನು ಆಲಿಸುವ ಕ್ರಮವನ್ನು ಮುಂದುವರಿಸಿತು.

ಪ್ರಭಾವವೆಂಬುದು ದೃಶ್ಯಗಳ ಹೋಲಿಕೆಗಿಂತ ಕೆಲಸದ ಕ್ರಮದಲ್ಲಿ ಹೆಚ್ಚಾಗಿ ನೆಲೆಸಿರುತ್ತದೆ ಎಂಬುದು ಇದರಿಂದ ವಿದಿತವಾಗುತ್ತದೆ. ಆ ಕ್ರಮವು ಚಿತ್ರಗಳ ಸುರುಳಿಯಲ್ಲಿ ಉಳಿಯದು. ಸಹಾಯಕರ, ನಟರ, ಚಿತ್ರೀಕರಣ ಕಂಡ ಊರಿನವರ ನೆನಪಿನಲ್ಲಿ ಉಳಿಯುತ್ತದೆ, ಅವರೊಡನೆಯೇ ಅಳಿಯುತ್ತದೆ. ನೀಲಗಾರನ ಬಳಿ ಕುಳಿತು ಗುರುವಿನ ಹೆಸರನ್ನು ಕೇಳಿ ಬರೆದುಕೊಳ್ಳುವ ಕ್ಷೇತ್ರಕಾರ್ಯ ಚಲನಚಿತ್ರದ ಹಿಮ್ಮೇಳಕ್ಕೂ ವಿಸ್ತರಿಸಬೇಕಾಗಿದೆ.