ಕೂಟವೂ ಕಾಟಕಾಯಿಯೂ

ಮಂಗಳೂರು ಗುಡ್ಡಗಳ ಊರು. ಮಣ್ಣಗುಡ್ಡದಲ್ಲಿ ಮನೆಮಾಡಿಕೊಂಡವರಿಗೆ ಕದ್ರಿಯಾಗಲಿ ಬಾವುಟಗುಡ್ಡವಾಗಲಿ ದೂರದ ಸ್ಥಳಗಳಲ್ಲ. ದೇವದರ್ಶನಕ್ಕೋ ಸಾಯಂಕಾಲದ ವಿಹಾರಕ್ಕೋ ಜನರು ಹೋಗಿಬರುವ ಈ ಎರಡು ಎತ್ತರಗಳು ಕುಂಪಣಿ ಸರಕಾರದ ವಿರುದ್ಧ ಪ್ರಜೆಗಳು ಎದ್ದುನಿಂತ ಎರಡು ಪ್ರಸಂಗಗಳಿಗೆ ಸಾಕ್ಷಿಯಾದವು. ಮೊದಲನೆಯದಕ್ಕೆ ‘ಕೂಟ’ವೆಂದು ಹೆಸರು, ಎರಡನೆಯದಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು. ಕಾಟಕಾಯಿ ಎಂದರೆ ಸೂರೆ, ದರೋಡೆ. ಹೆಸರಿಟ್ಟವರ ಅಭಿಪ್ರಾಯವು ಆ ಹೆಸರಿನಲ್ಲಿಯೇ ಉಂಟು. ಆದರೆ ಎರಡನ್ನೂ ಜೊತೆಗಿಟ್ಟು ನೋಡಿದಲ್ಲಿ, ಸೂರೆಯೆಂದು ಕರೆಯಲ್ಪಟ್ಟುದರ ಬೇರು ತೀರ್ವೆಯ ಲೆಕ್ಕದಲ್ಲಿತ್ತೆಂಬುದು ವಿಶದವಾಗುತ್ತದೆ.

1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಯು ಕುಂಪಣಿಯ ವಶವಾಯಿತು. ಮೊದಲ ಕಲೆಕ್ಟರನಾದ ತಾಮಸ್ ಮನ್ರೋ ಇಲ್ಲಿಯ ಭೂಮಿ ವರ್ಗದಾರರ ಸ್ವಂತ ಆಸ್ತಿಯೆಂದು ಒಪ್ಪಿದನು. ಆದರೆ ಪೂರ್ವದ ‘ರೇಖೆ’ಯ ಮೇಲೆ ಅರಸರು ಕಾಲಕಾಲಕ್ಕೆ ಹೇರಿದ್ದ ‘ಶಾಮೀಲು’ ಸಹ ಬಹುಮಟ್ಟಿಗೆ ಉಳಿದುಕೊಂಡಿತು. 1819-20ರಲ್ಲಿ ಬಂದ ‘ತರಾವು’ ಏರ್ಪಾಡು ಹಿಂದಿನ ವಸೂಲಿಯ ಸರಾಸರಿಯನ್ನೇ ಆಧಾರವಾಗಿ ಹಿಡಿಯಿತು. ತೀರ್ವೆಯು ಹಣದಲ್ಲಿ ಸ್ಥಿರ; ಭತ್ತದ ಬೆಲೆಯಾದರೋ ಅಸ್ಥಿರ. ಬೆಲೆ ಇಳಿದೊಡನೆ, ಅದೇ ತೀರ್ವೆಯನ್ನು ಕಟ್ಟಲು ಹೆಚ್ಚು ಮುಡಿ ಅಕ್ಕಿಯನ್ನು ಮಾರಬೇಕಾಯಿತು. ಇದರ ಮೇಲೆ ಉಪ್ಪು ಹೊಗೆಸೊಪ್ಪುಗಳ ಮಾರಾಟವೂ ಸರಕಾರದ ಏಕಸ್ವಾಮ್ಯವಾಗಿತ್ತು.

1830ರ ಕೊನೆಗೆ ರೈತರು ಗುಂಪುಗೂಡಿ ತೀರ್ವೆ ಕಟ್ಟುವುದಿಲ್ಲವೆಂದು ಸಾರಿದರು. ಬೇಕಲ, ಕಾಸರಗೋಡು, ಕುಂಬಳೆ, ಮಂಜೇಶ್ವರಗಳಲ್ಲಿ ಕೂಟಗಳು ನೆರೆದವು. 1831ರಲ್ಲಿ ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿ ಮಹಾಕೂಟವೇ ಸೇರಿತು. ಅವರ ಉಪಾಯವು ಗಮನಾರ್ಹವಾದುದು. ಒಬ್ಬೊಬ್ಬನಾಗಿ ಕಚೇರಿಯ ಮುಂದೆ ನಿಂತವನನ್ನು ಬೆದರಿಸುವುದು ಸುಲಭ. ಆದುದರಿಂದ ಅವರು ತಮ್ಮ ಸಂಕಟವನ್ನು ಎಲ್ಲರದಾಗಿ ನಿವೇದಿಸಿದರು. ಆಯುಧವೆತ್ತದೆ ನಡೆದ ಕರನಿರಾಕರಣೆಯಿದು. ವಿಚಾರಣೆಗಾಗಿ ನಿಯುಕ್ತನಾದ ಸ್ಟೋಕ್ಸ್ ಎಂಬ ಅಧಿಕಾರಿಯು 1833ರ ತನ್ನ ವರದಿಯಲ್ಲಿ, ದೇಶೀ ನೌಕರರ ಒಳಜಗಳ, ಪಿತೂರಿಗಳಿಗೆ ಬಹಳ ಪ್ರಾಧಾನ್ಯವನ್ನಿತ್ತನು.

ಕೆಲವು ವರ್ಷಗಳೊಳಗೆ ಎರಡನೆಯ ಪ್ರಸಂಗವೊದಗಿತು. 1834ರಲ್ಲಿ ಕುಂಪಣಿಯು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಹಾಲೇರಿ ಅರಸರ ಅಧೀನದಲ್ಲಿದ್ದ ಅಮರಸುಳ್ಯ ಮೊದಲಾದ ಘಟ್ಟದ ಕೆಳಗಿನ ಮಾಗಣೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಅಲ್ಲಿಯ ಒಕ್ಕಲುಗಳು ಅರಸನಿಗೆ ಧಾನ್ಯರೂಪದಲ್ಲಿ ಕಂದಾಯವನ್ನು ಅಳೆಯುತ್ತಿದ್ದವರು. ಹೊಸ ಸರಕಾರವು ರೊಕ್ಕವನ್ನು ಕೇಳಿತು. ಪೈರು ಬಂದ ಹೊತ್ತಿನಲ್ಲಿ ಎಲ್ಲರೂ ಮಾರುವವರೇ ಆದುದರಿಂದ ಬೆಲೆ ಕುಸಿಯುವುದು ಸಹಜ; ಮಾರಲು ಮನಸ್ಸಿಲ್ಲದವನು ಸಾಲಗಾರನಾಗುವನು. ಹೀಗೆ ರೈತನಿಗೂ ಸರಕಾರಕ್ಕೂ ನಡುವೆ ವರ್ತಕನೂ ಲೇವಾದೇವಿಯವನೂ ಬಂದು ನಿಂತರು.

1837ರ ಮಾರ್ಚಿ ಕೊನೆಯಲ್ಲಿ ದಂಗೆ ಹೊತ್ತಿಕೊಂಡಿತು. ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು, ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂಬ ಹೆಸರನ್ನು ಧರಿಸಿದ ಪುಟ್ಟಬಸಪ್ಪನನ್ನು ಮುಂದಿಟ್ಟುಕೊಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಮೂರು ವರ್ಷ ಕಂದಾಯದ ಮಾಫಿ, ಉಪ್ಪು ಹೊಗೆಸೊಪ್ಪುಗಳ ಸುಂಕದ ರದ್ದು ಎಂಬ ಆಶ್ವಾಸನೆಯನ್ನು ಪ್ರಕಟಿಸಿದರು. ಕೂಟದಲ್ಲಿ ಬೇಡಿಕೆಯಾಗಿದ್ದುದು ಇಲ್ಲಿ ರಾಜಾಜ್ಞೆಯ ರೂಪವನ್ನು ತಾಳಿತು. ಪುತ್ತೂರಿನವರೆಗೆ ಸೈನ್ಯಸಮೇತನಾಗಿ ಬಂದ ಕಲೆಕ್ಟರ್ ಲೆವಿನ್ ಮಂಗಳೂರಿಗೆ ಹಿಂದಿರುಗಿದನು. ಬಂಟವಾಳದ ಕಡೆಯಲ್ಲಿ ಲಕ್ಷ್ಮಪ್ಪ ಬಂಗರಸನು ದಂಗೆಯವರನ್ನು ಕೂಡಿಕೊಂಡನು. ಏಪ್ರಿಲ್ 5ರಂದು ಅವರು ಮಂಗಳೂರನ್ನು ಹೊಕ್ಕು, ಸೆರೆಮನೆಯ ಬಾಗಿಲನ್ನು ತೆರೆದು, ಸರಕಾರೀ ಕಟ್ಟಡಗಳಿಗೂ ಬಿಳಿಯರ ಮನೆಗಳಿಗೂ ಬೆಂಕಿಯಿಟ್ಟರು. ಬಾವುಟಗುಡ್ಡದಲ್ಲಿ ಆಗ ಅವರ ಬಾವುಟ ಹಾರಿತೆಂಬುದು ಜನಜನಿತವಾದ ಮಾತು. ಈ ಆಳಿಕೆ ಹದಿಮೂರು ದಿನ ನಡೆಯಿತೆನ್ನುತ್ತಾರೆ. ಕಣ್ಣಾನೂರಿನಿಂದ ಕುಂಪಣಿಯ ದಂಡು ಬಂದಿಳಿಯಲು ದಂಗೆಯವರು ಚದುರಿದರು. ಪುಟ್ಟಬಸಪ್ಪನನ್ನೂ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿಯೂ, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿಯೂ ಗಲ್ಲಿಗೇರಿಸಲಾಯಿತು.

ಇದು ಸ್ವಾತಂತ್ರ್ಯಸಮರವೇ ಎಂಬ ಪ್ರಶ್ನೆಗೆ, 1857ಕ್ಕೆ ಇಪ್ಪತ್ತು ವರ್ಷ ಮೊದಲೇ ನಡೆದುದೆಂಬ ಅಭಿಮಾನದಿಂದ ಉತ್ತರವನ್ನು ಹೇಳುವುದುಂಟು. ಆ ಅಭಿಮಾನವು ಯುಕ್ತವೇ. 2022ರಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ಬಾವುಟಗುಡ್ಡದಲ್ಲಿ ಸ್ಥಾಪಿತವಾಯಿತು. ಆದರೂ ಎದ್ದವರು ಯಾರು ಎಂಬುದನ್ನು ವಿಚಾರಿಸದೆ ಬಿಡಲಾಗದು. ತೀರ್ವೆಯ ಹೊರೆಯನ್ನು ಸರಕಾರಕ್ಕೆ ನೇರವಾಗಿ ಕಟ್ಟುತ್ತಿದ್ದವರು ವರ್ಗದಾರರು. ಅವರ ಕೆಳಗೆ ಮೂಲಗೇಣಿಯವರು, ಯಾವಾಗ ಬೇಕಾದರೂ ಏಳಿಸಲ್ಪಡಬಹುದಾದ ಚಾಲಗೇಣಿಯವರು, ಎಲ್ಲರಿಗಿಂತ ಕೆಳಗೆ ಜೀತದ ಮೂಲದಾಳುಗಳು. ಕಂದಾಯ ಮಾಫಿಯಾದರೆ ಗೇಣಿಯೂ ಇಳಿಯುವುದೆಂದಾಗಲಿ, ಮೂಲದಾಳಿಗೆ ಬಿಡುಗಡೆಯೆಂದಾಗಲಿ ಆ ಆಶ್ವಾಸನೆಯಲ್ಲಿ ಮಾತಿರಲಿಲ್ಲ. ಅದೇ 1830ರಲ್ಲಿ ಇಂಗ್ಲೆಂಡಿನಲ್ಲಿ ಹೊಲದ ಕೂಲಿಗಳು ಒಕ್ಕಣೆಯ ಯಂತ್ರಗಳನ್ನು ಮುರಿದು ಕೂಲಿ ಹೆಚ್ಚಿಸಬೇಕೆಂದು ಎದ್ದರು. ನೂರಾರು ಮಂದಿ ಆಸ್ಟ್ರೇಲಿಯಾಕ್ಕೆ ಗಡೀಪಾರಾದರು. ಅಲ್ಲಿ ಆಳೇ ಒಡೆಯನ ಮೇಲೆ ಎದ್ದನು. ಇಲ್ಲಿ ಒಡೆಯನು ಸರಕಾರದ ಮೇಲೆ ಎದ್ದಾಗ ಆಳು ಅವನ ಹಿಂದೆ ನಡೆದನು.

ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಗೇಣಿದಾರನು ಭೂಮಿಯ ಒಡೆಯನಾಗುವಂತಾದದ್ದು 1974ರ ಭೂಸುಧಾರಣೆಯಿಂದ. ಕೂಟದಲ್ಲಿ ಕೇಳಿಸದೆ ಉಳಿದವರ ನ್ಯಾಯಕ್ಕೆ ಅಷ್ಟು ಕಾಲ ಹಿಡಿಯಿತು.

ಕುಂಪಣಿಯ ಕಡತಗಳಲ್ಲಿ ಕಲೆಕ್ಟರರ ಮಾತು ದಾಖಲಾಗಿದೆ. ಒಕ್ಕಲಿನ ಮಾತು ಉಳಿದಿರುವುದು ಗೇಣಿಚೀಟು, ತೀರ್ವೆರಶೀದಿ, ಅಡವುಪತ್ರಗಳಲ್ಲಿ. ಮಣ್ಣಗುಡ್ಡದಂತಹ ಬಡಾವಣೆಗಳಲ್ಲಿ ಹಂಚಿನ ಮನೆಗಳು ಹೋಗಿ ಬಹುಮಹಡಿಗಳು ಏಳುತ್ತಿರುವಾಗ, ಅಟ್ಟದ ಪೆಟ್ಟಿಗೆಗಳಲ್ಲಿದ್ದ ಇಂತಹ ಕಾಗದಗಳು ರದ್ದಿಗೆ ಹೋಗುತ್ತವೆ. ವಾಚಕರು ತಂತಮ್ಮ ಮನೆಗಳಲ್ಲಿರುವುದನ್ನು ಒಮ್ಮೆ ಬಿಚ್ಚಿ ಓದಿ, ಕಾಪಿಟ್ಟಲ್ಲಿ ಈ ಚರಿತ್ರೆಯ ಬರೆಯದ ಭಾಗವನ್ನು ಬರೆಯುವವರಿಗೆ ಮಹೋಪಕಾರವಾದೀತು.