ಹಾಡಿಲ್ಲದ ಪಿಚ್ಚರು

ರಾಮನಗರಕ್ಕೆ ಸಿನಿಮಾದ ಹೆಸರು ತಂದದ್ದು 'ಶೋಲೆ'. 1973ರಲ್ಲಿ ಇಲ್ಲಿನ ಬೆಟ್ಟದ ಬುಡದಲ್ಲಿ ಚಿತ್ರೀಕರಣ ಶುರುವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ಆ ಚಿತ್ರದ ಹಾಡುಗಳಷ್ಟೇ ಅಲ್ಲ, ಮಾತುಗಳೂ ಗ್ರಾಮಫೋನ್ ತಟ್ಟೆಯಾಗಿ ಮಾರಾಟವಾದವು. ಹಿಂದಿ ಬಾರದ ನಮ್ಮ ಹುಡುಗರೂ ಗಬ್ಬರನ ಮಾತು ಒಪ್ಪಿಸುತ್ತಿದ್ದರು. ಹತ್ತು ವರ್ಷದ ಮೇಲೆ, 1985ರಲ್ಲಿ, ನನ್ನ ಮೆಚ್ಚಿನ ಶಂಕರ್‌ನಾಗ್ 'ಆಕ್ಸಿಡೆಂಟ್' ತೆಗೆದರು. ಅದರಲ್ಲಿ ಒಂದೂ ಹಾಡಿಲ್ಲ.

ಹಾಗೆಂದರೇನು ಎಂಬುದು ಈಗಿನವರಿಗೆ ಹೊಳೆಯಲಿಕ್ಕಿಲ್ಲ. ಚನ್ನಪಟ್ಟಣ, ಮಾಗಡಿಯಂಥ ಊರುಗಳಲ್ಲಿ ಸಿನಿಮಾ ಬಂದಿದೆ ಎಂದು ಸಾರುತ್ತಿದ್ದದ್ದು ಜಟಕಾ. ಎರಡು ಪಕ್ಕಕ್ಕೂ ಪೋಸ್ಟರು, ಮೇಲೆ ಮೈಕು, ಮೈಕಿನಲ್ಲಿ ಚಿತ್ರದ ಹಾಡು, ಹಿಂದೆ ಕರಪತ್ರಕ್ಕಾಗಿ ಓಡುವ ಮಕ್ಕಳು. ಆಕಾಶವಾಣಿಯಲ್ಲಿ ಕೇಳುತ್ತಿದ್ದದ್ದೂ ಕ್ಯಾಸೆಟ್ ಅಂಗಡಿಯಲ್ಲಿ ಮೊಳಗುತ್ತಿದ್ದದ್ದೂ ಹಾಡೇ. ಇದು ಶಂಕರ್‌ನಾಗ್‌ಗೆ ತಿಳಿಯದ್ದೇನಲ್ಲ. 1981ರ ಅವರ 'ಗೀತಾ' ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳು ಮನೆಮನೆಯಲ್ಲಿದ್ದವು. ಅದೇ ಇಳಯರಾಜ ಅವರಿಂದ ಈ ಸಲ ಬರಿಯ ಹಿನ್ನೆಲೆ ಸಂಗೀತ ಮಾಡಿಸಿ, ತಮ್ಮ ಚಿತ್ರದ ಜಟಕಾವನ್ನು ತಾವೇ ಕಳಚಿಟ್ಟರು.

ನನ್ನ ಮಟ್ಟಿಗೆ ಅದು ಸರಿಯೇ. ರಾಜಕಾರಣಿಯ ಮಗನೊಬ್ಬ ಅಮಲಿನಲ್ಲಿ ಕಾರು ಓಡಿಸಿ, ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಸುತ್ತಾನೆ. ಅಪ್ಪನಿಗೆ ಎದುರಿಗೆ ಚುನಾವಣೆ, ಪ್ರಕರಣ ಮುಚ್ಚಬೇಕು. ಅಪ್ಪನಾಗಿ ಅನಂತನಾಗ್, ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್‌ನಾಗ್. ನಡುವೆ ಲಾಲ್‌ಬಾಗಿನಲ್ಲೊಂದು ಯುಗಳಗೀತೆ ಬಂದಿದ್ದರೆ, ಇಂಟರ್‌ವಲ್ಲಿನ ಹೊತ್ತಿಗೆ ಸತ್ತವರನ್ನು ನಾವೇ ಮರೆತಿರುತ್ತಿದ್ದೆವು.

ಸಾಮಾಜಿಕ ಸಮಸ್ಯೆ ಕುರಿತ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಬಂತು. ಪ್ರಶಸ್ತಿ ಜಟಕಾ ಹತ್ತುವುದಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ರಸ್ತೆ ಅಪಘಾತದಲ್ಲೇ ಶಂಕರ್‌ನಾಗ್ ಹೋದರು, 35ರ ವಯಸ್ಸಿಗೆ. ಆಟೋಗಳ ಬೆನ್ನಿಗೆ ಉಳಿದದ್ದು 1980ರ 'ಆಟೋ ರಾಜ'ನ ಮುಖ. ಅದು ಅವರು ನಟಿಸಿದ ಚಿತ್ರ, ನಿರ್ದೇಶಿಸಿದ್ದಲ್ಲ.

ಮಳೆ ಕೈಕೊಟ್ಟ ವರ್ಷ ಕನಕಪುರ, ಮಾಗಡಿ ಕಡೆಯವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವುದು ಹೊಸತಲ್ಲ. ಮಲಗಲು ಜಾಗ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ರಸ್ತೆ ಬದಿ. ನಮ್ಮ ಚಿಕ್ಕಪ್ಪನೂ ಒಂದು ಬೇಸಿಗೆ ಹಾಗೆ ಮಲಗಿದ್ದವರು. ಅವರನ್ನು ಎರಡನೇ ಆಟಕ್ಕೆ ಕರೆದೊಯ್ದಿದ್ದೆ. ಫೈಟಿಂಗ್ ಇಲ್ಲ, ಡ್ಯಾನ್ಸಿಲ್ಲ, ಬೈಯುತ್ತಾರೆಂದುಕೊಂಡಿದ್ದೆ. ದಾರಿಯುದ್ದಕ್ಕೂ ಸುಮ್ಮನಿದ್ದವರು ಮನೆ ಹತ್ತಿರ ಬಂದಾಗ, "ಸತ್ತೋರು ಯಾವೂರೋರಂತೆ ಮಗಾ?" ಎಂದರು.

ಮಾರನೇ ಬೆಳಿಗ್ಗೆ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ, ಹರಾಜಿಗೆ ಕಾಯುತ್ತಿದ್ದವರನ್ನೆಲ್ಲ ಕೂರಿಸಿಕೊಂಡು ಕತೆ ಹೇಳಿದರು. ಕೊನೆ ಮಾತ್ರ ಹೇಳಲಿಲ್ಲ. ಅಂದು ರಾತ್ರಿ ನಾಲ್ಕೈದು ಜನ ಊರಿನ ಬಸ್ಸು ಬಿಟ್ಟು ಪಿಚ್ಚರಿಗೆ ಹೋದರು.