ಓದುಗರಿಗೆ ಜಾಮೀನು ಯಾರು? ಗುಜರಾತಿನ ವಿಶ್ವವಿದ್ಯಾಲಯ ಜಾಲಗಳಲ್ಲಿ ಡೈರೆಕ್ಟರಿ ಸೇವೆಯ ಇತಿಹಾಸ

ಪ್ರಸ್ತಾವನೆ

ಕರ್ನಾಟಕದ ಸಂಶೋಧಕರಿಗೂ ಕಾಲೇಜು ಅಧ್ಯಾಪಕರಿಗೂ ಶೋಧಗಂಗಾ, ಎನ್-ಲಿಸ್ಟ್ ಚಿರಪರಿಚಿತ ಹೆಸರುಗಳು. ಇವೆರಡನ್ನೂ ನಡೆಸುವ ಇನ್‌ಫ್ಲಿಬ್‌ನೆಟ್ ಕೇಂದ್ರ ಬೆಳೆದದ್ದು ಅಹಮದಾಬಾದಿನಲ್ಲಿ. ಎನ್-ಲಿಸ್ಟ್‌ನಂಥ ಸೇವೆಗೆ ಒಬ್ಬರು ಲಾಗಿನ್ ಆದಾಗ ಅವರು ಯಾರು, ಯಾವ ಸಂಸ್ಥೆಯವರು, ಯಾವುದನ್ನು ಓದಲು ಅವರಿಗೆ ಅನುಮತಿ ಇದೆ ಎಂಬುದನ್ನು ಎಲ್ಲೋ ಒಂದು ಸರ್ವರ್ ಖಚಿತಪಡಿಸಬೇಕು. ಡೈರೆಕ್ಟರಿ ಸೇವೆಯ ಕೆಲಸ ಇದೇ. ಈ ಹೊಣೆ ಕಾಲಕಾಲಕ್ಕೆ ಯಾರ ಕೈಗೆ ಹೋಯಿತು ಎಂಬುದನ್ನು ಅಹಮದಾಬಾದ್, ವಡೋದರಾ ಮತ್ತು ಸೂರತ್ತಿನ ಶಿಕ್ಷಣ ಸಂಸ್ಥೆಗಳ ಸಂದರ್ಭದಲ್ಲಿ ಇಲ್ಲಿ ಪರಿಶೀಲಿಸಲಾಗಿದೆ. ಬಳಕೆದಾರರ ಗುರುತನ್ನು ಅವರ ಸಂಸ್ಥೆಯೇ ಕಾಯ್ದುಕೊಂಡಾಗ ಮಾತ್ರ ದೊಡ್ಡ ಜಾಲ ನಂಬಿಕೆಗೆ ಅರ್ಹವಾಗುತ್ತದೆ ಎಂಬುದು ಈ ಲೇಖನದ ವಾದ.

ತಾಂತ್ರಿಕ ಹಿನ್ನೆಲೆ

ಇಂಟರ್‌ನೆಟ್ಟಿನ ಮೊದಲ ದಿನಗಳಲ್ಲಿ ಜಾಲದ ಎಲ್ಲ ಕಂಪ್ಯೂಟರ್‌ಗಳ ಹೆಸರುಗಳನ್ನು ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಜಾಲ ಬೆಳೆದಂತೆ ಒಂದು ಕಡತ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಆ ಹೊಣೆಯನ್ನು ಹಲವರಿಗೆ ಹಂಚಿತು. 1988ರ ಎಕ್ಸ್.500 ಮಾನದಂಡ ಮನುಷ್ಯರ ಮತ್ತು ಸಂಸ್ಥೆಗಳ ವಿವರಗಳನ್ನೂ ಶ್ರೇಣಿಬದ್ಧವಾಗಿ ಜೋಡಿಸಿತು. ಅದು ಬಲು ಭಾರವಾದ ವ್ಯವಸ್ಥೆ. ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು 1993ರಲ್ಲಿ ಅದಕ್ಕೊಂದು ಹಗುರ ರೂಪ ಕೊಟ್ಟರು. ಅದೇ ಎಲ್‌ಡ್ಯಾಪ್.

ಅದೇ ವರ್ಷ ಬಂದ ವಿಂಡೋಸ್ ಎನ್‌ಟಿ ಕಚೇರಿಗಳಿಗೆ ಡೊಮೈನ್ ಪದ್ಧತಿಯನ್ನು ತಂದಿತು. ಅದರಲ್ಲಿ ಹೊಸ ಖಾತೆ ತೆರೆಯುವುದಾಗಲಿ ಪಾಸ್‌ವರ್ಡ್ ಬದಲಿಸುವುದಾಗಲಿ ಪ್ರಧಾನ ಡೊಮೈನ್ ಕಂಟ್ರೋಲರ್ ಎಂಬ ಸರ್ವರ್‌ನಲ್ಲೇ ದಾಖಲಾಗಬೇಕಿತ್ತು. ಉಳಿದವುಗಳಲ್ಲಿ ಇರುತ್ತಿದ್ದುದು ನಕಲು ಮಾತ್ರ. 2000ದಲ್ಲಿ ವಿಂಡೋಸ್ 2000 ಜೊತೆ ಬಂದ ಆ್ಯಕ್ಟಿವ್ ಡೈರೆಕ್ಟರಿ ಎಲ್‌ಡ್ಯಾಪ್, ಡಿಎನ್‌ಎಸ್ ಮತ್ತು ಎಂಐಟಿಯಲ್ಲಿ ಹುಟ್ಟಿದ, ಗುರುತು ಖಚಿತಪಡಿಸುವ ಕರ್ಬೆರಾಸ್ ಪದ್ಧತಿ ಮೂರನ್ನೂ ಒಂದುಗೂಡಿಸಿತು. ಯಾವ ಕಂಟ್ರೋಲರ್‌ನಲ್ಲಿ ಬದಲಾವಣೆ ಮಾಡಿದರೂ ಅದು ಉಳಿದವಕ್ಕೆ ತಲುಪುವ ವ್ಯವಸ್ಥೆ ಬಂತು.

ಬರೋಡಾ ಸಂಸ್ಥಾನದ ಪೂರ್ವಪೀಠಿಕೆ

ಕೇಂದ್ರ ಮತ್ತು ಶಾಖೆಗಳ ನಡುವೆ ಹೊಣೆ ಹಂಚಿಕೊಳ್ಳುವ ಯೋಚನೆ ಗುಜರಾತಿಗೆ ಕಂಪ್ಯೂಟರಿನ ಜೊತೆ ಬಂದದ್ದಲ್ಲ. ಬರೋಡಾದ ಅರಸ ಮೂರನೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದ ಗ್ರಂಥಾಲಯಗಳನ್ನು ಕಂಡು ಬಂದು, 1910ರಲ್ಲಿ ಅಲ್ಲಿನ ಗ್ರಂಥಪಾಲಕ ವಿಲಿಯಂ ಆಲನ್ಸನ್ ಬೋರ್ಡನ್ ಅವರನ್ನು ಬರೋಡಾಕ್ಕೆ (ಇಂದಿನ ವಡೋದರಾ) ಕರೆಸಿಕೊಂಡರು. ಬೋರ್ಡನ್ 1913ರವರೆಗೆ ಅಲ್ಲಿದ್ದು ಕೇಂದ್ರ ಗ್ರಂಥಾಲಯದಿಂದ ಹಳ್ಳಿಯ ಗ್ರಂಥಾಲಯದವರೆಗಿನ ಜಾಲಕ್ಕೆ ಅಡಿಪಾಯ ಹಾಕಿದರು. ಪುಸ್ತಕಗಳು ಸಂಚಾರಿ ಪೆಟ್ಟಿಗೆಗಳಲ್ಲಿ ಹಳ್ಳಿಗೆ ಹೋಗುತ್ತಿದ್ದವು. ಸ್ಥಳೀಯ ಗ್ರಂಥಾಲಯದ ಖರ್ಚಿನಲ್ಲಿ ಊರಿನವರ ಪಾಲೂ ಇತ್ತು. ಕೇಂದ್ರ ಪುಸ್ತಕ ಕೊಟ್ಟರೆ ಸಾಲದು, ಊರೂ ಹೆಗಲು ಕೊಡಬೇಕು ಎಂಬುದು ಆ ವ್ಯವಸ್ಥೆಯ ತಿರುಳು.

ಅಹಮದಾಬಾದಿನ ಕೇಂದ್ರ ಮತ್ತು ಐಪಿ ವಿಳಾಸದ ಕಾಲ

ಯುಜಿಸಿ 1991ರಲ್ಲಿ ಪುಣೆಯ ಐಯುಕಾ ಸಂಸ್ಥೆಯ ಆಶ್ರಯದಲ್ಲಿ ಇನ್‌ಫ್ಲಿಬ್‌ನೆಟ್ ಯೋಜನೆಯನ್ನು ಆರಂಭಿಸಿತು. ಅದು 1996ರಲ್ಲಿ ಸ್ವಾಯತ್ತ ಕೇಂದ್ರವಾಯಿತು. ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದ ಆವರಣದಲ್ಲಿ ದೀರ್ಘಕಾಲ ಇದ್ದು, ನಂತರ ಗಾಂಧಿನಗರದ ಇನ್ಫೋಸಿಟಿಗೆ ಸ್ಥಳಾಂತರಗೊಂಡಿತು. ಯುಜಿಸಿ-ಇನ್ಫೋನೆಟ್ ಡಿಜಿಟಲ್ ಲೈಬ್ರರಿ ಒಕ್ಕೂಟವನ್ನು 2003ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು.

ಗುಜರಾತ್ ವಿಶ್ವವಿದ್ಯಾಲಯ, ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಸೂರತ್ತಿನ ವೀರ ನರ್ಮದ್ ದಕ್ಷಿಣ ಗುಜರಾತ್ ವಿಶ್ವವಿದ್ಯಾಲಯ ಯುಜಿಸಿ ವ್ಯಾಪ್ತಿಯವು. 1961ರಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾಗಿ 2002ರಲ್ಲಿ ಎನ್‌ಐಟಿಯಾದ ಸೂರತ್ತಿನ ಸರ್ದಾರ್ ವಲ್ಲಭಭಾಯಿ ಸಂಸ್ಥೆ ಐಐಟಿ ದೆಹಲಿಯಿಂದ ನಡೆಯುತ್ತಿದ್ದ ಇಂಡೆಸ್ಟ್ ಒಕ್ಕೂಟದ ಕಡೆಗಿತ್ತು. ಈ ಎರಡು ಧಾರೆಗಳು ಒಂದಾದದ್ದು 2015ರಲ್ಲಿ, ಇ-ಶೋಧಸಿಂಧು ಹೆಸರಿನಲ್ಲಿ.

ಈ ಒಕ್ಕೂಟಗಳ ಮೊದಲ ವರ್ಷಗಳಲ್ಲಿ ನಿಯತಕಾಲಿಕಗಳ ಪ್ರಕಾಶಕರು ನಂಬುತ್ತಿದ್ದುದು ಬಹುಮಟ್ಟಿಗೆ ಕ್ಯಾಂಪಸ್ಸಿನ ಐಪಿ ವಿಳಾಸವನ್ನು. ಆವರಣದೊಳಗೆ ಕುಳಿತವರೆಲ್ಲರಿಗೂ ಪ್ರವೇಶವಿತ್ತು. ಅದೇ ವಿದ್ಯಾರ್ಥಿ ರಾತ್ರಿ ಮನೆಯಿಂದ ತೆರೆದರೆ ಲೇಖನ ಸಿಗುತ್ತಿರಲಿಲ್ಲ. 2010ರಲ್ಲಿ ಆರಂಭವಾದ ಎನ್-ಲಿಸ್ಟ್ ಕಾಲೇಜುಗಳ ಪ್ರತಿ ಬಳಕೆದಾರರಿಗೂ ಬೇರೆ ಬೇರೆ ಐಡಿ, ಪಾಸ್‌ವರ್ಡ್ ಕೊಟ್ಟಿತು. ಆದರೆ ಆ ಖಾತೆಗಳು ಇದ್ದದ್ದು ಕೇಂದ್ರದ ವ್ಯವಸ್ಥೆಯಲ್ಲಿ.

ಒಕ್ಕೂಟದ ಗುರುತು

ಮುಂದಿನ ಹೆಜ್ಜೆ ಇನ್‌ಫೆಡ್. ಶಿಬೊಲೆತ್ ತಂತ್ರಾಂಶ ಬಳಸಿ ಇನ್‌ಫ್ಲಿಬ್‌ನೆಟ್ ಕಟ್ಟಿದ ಒಕ್ಕೂಟ ಇದು. ವಡೋದರಾದ ಪಿಎಚ್‌.ಡಿ. ವಿದ್ಯಾರ್ಥಿನಿಯೊಬ್ಬರು ಮನೆಯಿಂದ ಲೇಖನವೊಂದನ್ನು ತೆರೆಯುತ್ತಾರೆ ಎಂದುಕೊಳ್ಳಿ. ಪ್ರಕಾಶಕರ ತಾಣ ಮೊದಲು ಅವರ ಸಂಸ್ಥೆ ಯಾವುದೆಂದು ಕೇಳುತ್ತದೆ. ಆಯ್ಕೆ ಮಾಡಿದೊಡನೆ ಸ್ವಂತ ಸಂಸ್ಥೆಯ ಲಾಗಿನ್ ಪುಟ ಬರುತ್ತದೆ. ಅಲ್ಲಿ ಕೊಟ್ಟ ಪಾಸ್‌ವರ್ಡನ್ನು ಸಂಸ್ಥೆಯ ಡೈರೆಕ್ಟರಿ ತಾಳೆ ನೋಡುತ್ತದೆ. ಪ್ರಕಾಶಕರಿಗೆ ಹೋಗುವುದು, ಇವರು ನಮ್ಮವರು ಎಂದು ಸಹಿ ಮಾಡಿದ ಸಂದೇಶ ಮಾತ್ರ. ಪಾಸ್‌ವರ್ಡ್ ಸಂಸ್ಥೆಯನ್ನು ದಾಟಿ ಹೋಗುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಕ್ಯಾಂಪಸ್ಸುಗಳು ಮುಚ್ಚಿದಾಗ ಐಪಿ ವಿಳಾಸದ ಪದ್ಧತಿಯ ಮಿತಿ ಎಲ್ಲರ ಅನುಭವಕ್ಕೂ ಬಂತು.

ಸ್ವಂತ ಸರ್ವರ್ ನಡೆಸಲಾಗದ ಸಂಸ್ಥೆಗಳಿಗೆ ಇನ್‌ಫ್ಲಿಬ್‌ನೆಟ್ ತನ್ನಲ್ಲೇ ಆ ಸೌಲಭ್ಯ ಒದಗಿಸಿತು. ಸಣ್ಣ ಸಂಸ್ಥೆಗಳಿಗೆ ಇದರಿಂದ ಉಪಕಾರವಾಗಿದೆ. ಆದರೆ ವಿದ್ಯಾರ್ಥಿ ಯಾವಾಗ ಸೇರಿದರು, ಯಾವಾಗ ಬಿಟ್ಟರು ಎಂಬುದು ಗೊತ್ತಿರುವುದು ಆ ಸಂಸ್ಥೆಗೇ. ದೂರದ ಸರ್ವರಿಗೆ ಅದು ತಾನಾಗಿ ತಿಳಿಯುವುದಿಲ್ಲ.

ನಿರ್ವಹಣೆಯ ಸೂಕ್ಷ್ಮಗಳು

ಈ ಹೊಣೆ ಹೊರುವುದು ಸುಲಭವಲ್ಲ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಕಂಪ್ಯೂಟರ್‌ಗಳ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ, ಪಾಸ್‌ವರ್ಡ್ ಸರಿಯಿದ್ದರೂ ಕರ್ಬೆರಾಸ್ ಒಪ್ಪುವುದಿಲ್ಲ. ಅಳಿಸಿದ ಖಾತೆಯ ಗುರುತು ಹೊಸ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ 180 ದಿನ ಉಳಿಯುತ್ತದೆ. ಅದಕ್ಕಿಂತ ಹೆಚ್ಚು ಕಾಲ ಸಂಪರ್ಕ ಕಡಿದುಕೊಂಡಿದ್ದ ಡೊಮೈನ್ ಕಂಟ್ರೋಲರನ್ನು ಎಚ್ಚರವಿಲ್ಲದೆ ಮತ್ತೆ ಜಾಲಕ್ಕೆ ಸೇರಿಸಿದರೆ, ಅಳಿಸಿದ ಖಾತೆಗಳು ಮರಳಿ ಕಾಣಿಸಿಕೊಳ್ಳಬಹುದು. ಸರ್ವರ್ ಹಾಳಾಗದಿದ್ದರೂ ದಾಖಲೆ ಕೆಡುತ್ತದೆ. ಪರವಾನಗಿ ಶುಲ್ಕ ಭರಿಸಲಾಗದ ಕಾಲೇಜುಗಳಿಗೆ ಓಪನ್‌ಎಲ್‌ಡ್ಯಾಪ್ ಇದೆ. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4ರಿಂದ ಮುಕ್ತ ತಂತ್ರಾಂಶದಲ್ಲೇ ಡೊಮೈನ್ ಕಂಟ್ರೋಲರ್ ನಡೆಸಬಹುದು. ತಂತ್ರಾಂಶಕ್ಕೆ ಹಣ ಬೇಕಿಲ್ಲದಿದ್ದರೂ ಅದನ್ನು ನೋಡಿಕೊಳ್ಳುವ ನುರಿತ ಸಿಸ್ಟಂ ಅಡ್ಮಿನ್ ಬೇಕೇ ಬೇಕು.

ಉಪಸಂಹಾರ

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 3 ವರ್ಷಗಳಿಗೆ 6,000 ಕೋಟಿ ರೂಪಾಯಿ ಮೀಸಲಾಗಿದೆ. 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳನ್ನು ತಲುಪಿಸುವ ಈ ಯೋಜನೆಯ ಸಮನ್ವಯವೂ ಇನ್‌ಫ್ಲಿಬ್‌ನೆಟ್ ಪಾಲಿಗೇ ಬಂದಿದೆ. ಚಂದಾ ಹಣವನ್ನು ಕೇಂದ್ರ ಕಟ್ಟಬಹುದು, ಓದುಗರಿಗೆ ಜಾಮೀನು ನಿಲ್ಲಬೇಕಾದವರು ಅವರ ಸಂಸ್ಥೆಯವರೇ. ಆದ್ದರಿಂದ ಪ್ರತಿ ವಿಶ್ವವಿದ್ಯಾಲಯವೂ ಡೈರೆಕ್ಟರಿಯನ್ನು ಪ್ರವೇಶಾತಿ ಮತ್ತು ಸೇವಾ ದಾಖಲೆಗಳಿಗೆ ಜೋಡಿಸಬೇಕು, ಅದರ ನಿರ್ವಹಣೆಗೆ ಕಾಯಂ ಹುದ್ದೆ ಸೃಷ್ಟಿಸಬೇಕು. ಗ್ರಂಥಪಾಲಕರ ಹುದ್ದೆಗೆ ಇರುವ ಮಾನ್ಯತೆ ಈ ಹುದ್ದೆಗೂ ಸಲ್ಲಬೇಕು.